ಬಲಗಡೆಯ ಬಾಳೆಕಂದು

ಬಾಳೆಕಂದು ಇಂಟರ್ನೆಟ್ಟನ್ನು ತಡೆದು ನಿಲ್ಲಿಸುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ಅವರ ಮುಖ ನೋಡಿ ನಕ್ಕುಬಿಡುತ್ತಿದ್ದೆ. ಗುಂಡ್ಲುಪೇಟೆಯಲ್ಲಿ ಬಾಳೆ ಬೆಳೆಯುವವರ ಮನೆಯಲ್ಲಿ ಹುಟ್ಟಿ, ಬಾಳೆಯೆಲೆಯಲ್ಲಿ ಉಂಡು, ಬಾಳೆದಿಂಡಿನ ಪಲ್ಯ ತಿಂದು ಬೆಳೆದವಳು ನಾನು. ಆ ಗಿಡದ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದುಕೊಂಡಿದ್ದೆ. ಚಿಕ್ಕಕ್ಕನ ಮದುವೆಯ ಬೆಳಿಗ್ಗೆ ಆ ಜಂಬ ಇಳಿದುಹೋಯಿತು. ಅಪ್ಪನ ವಿಷಯದಲ್ಲೂ ನನಗೆ ಎಲ್ಲ ಗೊತ್ತು ಎಂದುಕೊಂಡಿದ್ದೆ. ಅದೂ ಅವತ್ತೇ ಇಳಿಯಿತು.

ನಾವು ಮೂವರು ಹೆಣ್ಣುಮಕ್ಕಳು. ನಾನು ಕೊನೆಯವಳು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು. ಅವ್ವ ತೀರಿಕೊಂಡಾಗ ನನಗಿನ್ನೂ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ದೊಡ್ಡಕ್ಕನೇ ನಮ್ಮಿಬ್ಬರಿಗೂ ತಲೆ ಬಾಚಿ, ತುತ್ತು ಕೊಟ್ಟು, ಬೈದು, ಮುದ್ದು ಮಾಡಿ ಬೆಳೆಸಿದಳು. ನಾನಿನ್ನೂ ಸ್ಕೂಲಿನಲ್ಲಿದ್ದಾಗ ಒಂದು ದಿನ ಅವಳು ತಾನು ಮೆಚ್ಚಿದವನನ್ನು ಮದುವೆಯಾಗಿ ಚಾಮರಾಜನಗರ ಸೇರಿದಳು. ಹುಡುಗ ನಮ್ಮವರ ಪೈಕಿ ಅಲ್ಲ. ಅಪ್ಪ ಕೂಗಾಡಲಿಲ್ಲ. "ಇನ್ನ ಅವ್ಳ ಮೊಕ ನೋಡಕ್ಕಿಲ್ಲ" ಎಂದು ಒಂದೇ ಮಾತು ಹೇಳಿ ತೋಟಕ್ಕೆ ಹೋದ. ಆ ವಾರವೇ ಮನೆಯ ಫೋನ್ ಲೈನನ್ನೂ ತೆಗೆಸಿಹಾಕಿದ, ಅವಳು ಫೋನ್ ಮಾಡಿಬಿಟ್ಟಾಳು ಎಂದು.

ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಚಾಮರಾಜನಗರ ಬಂದುಬಿಡುತ್ತದೆ. ಅಷ್ಟು ಹತ್ತಿರ. ಅಷ್ಟು ಹತ್ತಿರದಲ್ಲಿದ್ದ ಅಕ್ಕ ನಮ್ಮ ಮನೆಯ ಬಾಗಿಲಿಗೆ ಬರಲಿಲ್ಲ, ಅಪ್ಪ ಆ ಊರಿನ ಬಸ್ಸು ಹತ್ತಲಿಲ್ಲ. ಬಾಳೆಕಾಯಿಯ ವ್ಯಾಪಾರಕ್ಕೆ ಅಲ್ಲಿಗೆ ಹೋಗಬೇಕಾಗಿ ಬಂದರೂ ಬೇರೆ ಯಾರನ್ನಾದರೂ ಕಳಿಸುತ್ತಿದ್ದ. ನಾನು ಮಾತ್ರ ಮೊಬೈಲಿನಲ್ಲಿ ಅಕ್ಕನ ಹತ್ತಿರ ಕದ್ದು ಮಾತಾಡುತ್ತಿದ್ದೆ.

ಚಿಕ್ಕಕ್ಕನ ಮದುವೆ ಗೊತ್ತಾದಾಗ ಅವಳು ಅಪ್ಪನೆದುರು ನಿಂತು, "ಅಕ್ಕ ಬರ್ದೇ ಓದ್ರೆ ನಾನು ಹಸೆಮಣೆ ಮೇಲೆ ಕೂರಕ್ಕಿಲ್ಲ" ಎಂದಳು. ಅಪ್ಪ ಊಟ ಮುಗಿಸಿ ಕೈ ತೊಳೆಯುತ್ತಿದ್ದವನು ತೊಳೆಯುತ್ತಲೇ ಇದ್ದ. ಲಗ್ನಪತ್ರಿಕೆ ಅವ್ವನ ತವರು ಹಂಗಳದ ಪ್ರತಿ ಮನೆಗೂ ಹೋಯಿತು, ಕುದೇರಿನ ದೂರದ ನೆಂಟರಿಗೂ ಹೋಯಿತು, ಚಾಮರಾಜನಗರದ ಆ ಒಂದು ಮನೆಗೆ ಹೋಗಲಿಲ್ಲ. ಚಿಕ್ಕಕ್ಕ ಅತ್ತು ಅತ್ತು ಸುಮ್ಮನಾದಳು. ನನಗೆ ಮೈಯೆಲ್ಲ ಉರಿದುಹೋಯಿತು.

ದೊಡ್ಡಕ್ಕನಿಗೆ ಫೋನ್ ಮಾಡಿ ಅಪ್ಪನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವಳು ನನ್ನನ್ನೇ ಗದರಿದಳು.

"ಅಪ್ಪನ್ನ ಅಂಗನ್ಬೇಡ ಕಣಮ್ಮಿ. ನಾನು ಬಂದು ನಿಂತ್ರೆ ಜನ ಅವಳ ಮದ್ವೆ ಬುಟ್ಟು ನನ್ನ ಮೊಕ ನೋಡ್ತಾರೆ. ನಾನು ಬರಕ್ಕಿಲ್ಲ. ಆದ್ರೆ ಅವಳ ಕತ್ಗೆ ತಾಳಿ ಬೀಳೋದ ಒಂದ್ಸಲ ನೋಡ್ಬೇಕು ಅಂತ ಆಸೆ. ಅಷ್ಟೇ."

"ನಾನು ತೋರಿಸ್ತೀನಿ ಬುಡು" ಎಂದುಬಿಟ್ಟೆ. ಹೇಳಿದ ಮೇಲೆ ಹೇಗೆ ಎಂದು ಯೋಚಿಸಲು ಕೂತೆ.

ನಾನಾಗ ಕಂಪ್ಯೂಟರ್ ಓದುತ್ತಿದ್ದೆ. ಮನೆಯ ಮುಂದಿನ ಕೋಣೆಯ ಕಿಟಕಿಯ ಪಕ್ಕ ಒಂದು ಹಳೆಯ ಕಂಪ್ಯೂಟರ್ ಇತ್ತು, ದಪ್ಪ ಬೆನ್ನಿನ ಮಾನಿಟರಿನದು. ಅದರಲ್ಲಿ ನಾನು ವಿಂಡೋಸಿನ ಬದಲು ಲಿನಕ್ಸ್ ಹಾಕಿಕೊಂಡಿದ್ದೆ. ಕಾಲೇಜಿನ ಮೇಷ್ಟರು ಸಿಡಿ ಕೊಟ್ಟು, "ಇದು ಯಾರಪ್ಪನ ಆಸ್ತಿಯೂ ಅಲ್ಲ, ಎಲ್ಲರದ್ದು, ಹಂಚಿಕೊಳ್ಳಿ" ಎಂದಿದ್ದರು. ಆ ಮಾತು ನನಗೆ ತಲೆಗೇರಿತ್ತು. ಕ್ಲಾಸಿನಲ್ಲಿ ಎಲ್ಲರೂ ವಿಂಡೋಸ್ ಎಂದರೆ ನಾನು ಲಿನಕ್ಸ್ ಎನ್ನುತ್ತಿದ್ದೆ. ಹಾಗೆ ಅನ್ನಲು ಸಿಕ್ಕ ಯಾವ ಅವಕಾಶವನ್ನೂ ಬಿಟ್ಟವಳಲ್ಲ.

ಇಂಟರ್ನೆಟ್ ಇದ್ದದ್ದು ನಮ್ಮ ಎದುರುಮನೆಯಲ್ಲಿ. ಅಲ್ಲಿನ ಚಾಚಾ ಕಬ್ಬಿಣದ ಬೀರು ಮಾಡುವವರು. ಬೀದಿಗೆ ಅಂಗಡಿ, ಹಿಂದೆ ಮನೆ. ಮನೆಯೊಳಗೆ ಅವರದು ಉರ್ದು, ಬೀದಿಗೆ ಬಂದರೆ ನಮ್ಮದೇ ಕನ್ನಡ. ಮಗಳ ಓದಿಗೆಂದು ಬ್ರಾಡ್‌ಬ್ಯಾಂಡ್ ಹಾಕಿಸಿ, ವೈರ್‌ಲೆಸ್ ಬರುವ ಡಬ್ಬಿಯನ್ನು ಅಂಗಡಿಯ ಮೇಜಿನ ಮೇಲೆ ಇಟ್ಟಿದ್ದರು. ಬೀದಿ ದಾಟಿದರೆ ನಮ್ಮ ಕಿಟಕಿ. ನಾನು ಹೋಗಿ ಪಾಸ್‌ವರ್ಡ್ ಕೇಳಿದೆ.

"ಯಾಕೆ ಬೇಟಿ?" ಎಂದರು.

ಅವರ ಹತ್ತಿರ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ಮಳೆ ಬಂದ ದಿನಗಳಲ್ಲಿ ದೊಡ್ಡಕ್ಕನನ್ನು ಸೈಕಲ್ಲಿನ ಮೇಲೆ ಸ್ಕೂಲಿಗೆ ಬಿಟ್ಟು ಬರುತ್ತಿದ್ದವರು ಅವರೇ. ಇದ್ದದ್ದನ್ನು ಇದ್ದ ಹಾಗೆ ಹೇಳಿ, "ಅಪ್ಪನಿಗೆ ಮಾತ್ರ ಹೇಳಬೇಡಿ" ಎಂದೆ. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅರ್ಧ ಮಾಡಿಟ್ಟಿದ್ದ ಬೀರುವಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಪಾಸ್‌ವರ್ಡ್ ಬರೆದು ತೋರಿಸಿ, ನಾನು ಓದಿಕೊಂಡ ಮೇಲೆ ಅಂಗೈಯಿಂದ ಒರೆಸಿಹಾಕಿದರು.

ಮೈಸೂರಿನಿಂದ ವೈರ್‌ಲೆಸ್ ಅಡಾಪ್ಟರ್ ತರಿಸಿದೆ. ಹೆಬ್ಬೆರಳಿನಷ್ಟು ಉದ್ದದ, ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಸಾಮಾನು. ಅದು ಬಂದ ಡಬ್ಬಿಯ ಹಿಂದೆ ಇದು ಯಾವುದರಲ್ಲೆಲ್ಲ ನಡೆಯುತ್ತದೆ ಎಂದು ಅಚ್ಚು ಹಾಕಿದ್ದರು. ಒಂದೊಂದು ವಿಂಡೋಸಿನ ಹೆಸರೂ ಇತ್ತು. ಲಿನಕ್ಸ್ ಎಂಬ ಪದ ಎಲ್ಲೂ ಇರಲಿಲ್ಲ. ಡಬ್ಬಿಯನ್ನು ತಿರುಗಿಸಿ, ಬಿಚ್ಚಿ, ಒಳಗಡೆಯ ರಟ್ಟನ್ನೂ ನೋಡಿದೆ. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಇಡೀ ಲೋಕದ್ದು ಎಂದು ನಾನು ಮೆರೆಸುತ್ತಿದ್ದದ್ದರ ಹೆಸರು ಈ ಡಬ್ಬಿಯವರಿಗೆ ಗೊತ್ತೇ ಇಲ್ಲವಲ್ಲ!

ಚುಚ್ಚಿದೆ. ದೀಪ ಹತ್ತಲಿಲ್ಲ. ಕಂಪ್ಯೂಟರಿಗೆ ಏನೇನು ಅಂಟಿಸಿದೆ ಎಂದು ಪಟ್ಟಿ ಕೊಡುವ ಕಮಾಂಡು ಹೊಡೆದರೆ ಅಡಾಪ್ಟರಿನ ಹೆಸರು ಬರುತ್ತಿತ್ತು. ಆದರೆ ಅದರ ಜೊತೆ ಮಾತಾಡಲು ಬೇಕಾದ ಡ್ರೈವರ್ ಎಂಬ ಪ್ರೋಗ್ರಾಮು ಇರಲಿಲ್ಲ. ನೆಂಟರು ಬಂದು ಜಗಲಿಯ ಮೇಲೆ ಕೂತಿದ್ದಾರೆ, ಮನೆಯವರು ಯಾರೂ ಮಾತಾಡಿಸುತ್ತಿಲ್ಲ, ಹಾಗಿತ್ತು ಅವಸ್ಥೆ. ಅದನ್ನು ಸರಿಮಾಡುವ ಪ್ರೋಗ್ರಾಮು ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಇಂಟರ್ನೆಟ್ ಬರಬೇಕಾದರೆ ಆ ಪ್ರೋಗ್ರಾಮು ಬೇಕು. ಇದನ್ನು ಅರ್ಥ ಮಾಡಿಕೊಂಡಾಗ ಕೀಬೋರ್ಡನ್ನು ಎತ್ತಿ ಬೀದಿಗೆ ಎಸೆಯಬೇಕು ಅನ್ನಿಸಿತು.

ಪೆನ್‌ಡ್ರೈವ್ ಹಿಡಿದು ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಹೋದೆ. ಬೇಕಾದ್ದನ್ನು ಇಳಿಸಿಕೊಂಡು ಮನೆಗೆ ಬಂದು ಹಾಕಿದರೆ, ಇದಕ್ಕೆ ಇನ್ನೊಂದು ಬೇಕು ಎಂದಿತು. ಮತ್ತೆ ಓಡಿದೆ. ಆ ಇನ್ನೊಂದಕ್ಕೆ ಮಗದೊಂದು ಬೇಕಂತೆ. ಸೈಬರ್ ಸೆಂಟರಿನವನು ನನ್ನನ್ನು ಕಂಡರೆ ನಗಲು ಶುರುಮಾಡಿದ. ಲಿನಕ್ಸಿನ ಜನ ಬರೆದುಕೊಳ್ಳುವ ಫೋರಮ್ಮುಗಳಲ್ಲಿ ಹುಡುಕಿದಾಗ ಕೊನೆಗೆ ಒಂದು ಉಪಾಯ ಸಿಕ್ಕಿತು. ಅಡಾಪ್ಟರಿನ ಜೊತೆ ಬಂದ ಸಿಡಿಯಲ್ಲಿರುವ ವಿಂಡೋಸಿನ ಡ್ರೈವರನ್ನೇ ತೆಗೆದು, ಅದಕ್ಕೊಂದು ಹೊದಿಕೆ ಹೊದಿಸಿ, ಇದು ನಿನ್ನದೇ ಕಣಪ್ಪ ಎಂದು ಲಿನಕ್ಸನ್ನು ನಂಬಿಸುವುದು. ಅದೂ ಸುಲಭಕ್ಕೆ ನಂಬಲಿಲ್ಲ. ಲಿನಕ್ಸು ತಾನೇ ಊಹೆ ಮಾಡಿ ಹಾಕಿಕೊಂಡಿದ್ದ ಬೇರೊಂದು ಡ್ರೈವರನ್ನು ಮೊದಲು ತಡೆಯಬೇಕಿತ್ತು. ತಡೆದೆ. ಕಂಪ್ಯೂಟರನ್ನು ಆರಿಸಿ ಹಾಕಿದೆ.

ಅಡಾಪ್ಟರಿನ ಮೈಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ದೀಪ ಹತ್ತಿತು. ನಾನು ಕಿಟಾರನೆ ಕಿರುಚಿದೆ. ಹಿತ್ತಲಲ್ಲಿದ್ದ ಅಪ್ಪ ದೊಣ್ಣೆ ಹಿಡಿದೇ ಓಡಿಬಂದ.

"ಎಲ್ಲಮ್ಮಿ ಆವು?"

"ಆವಲ್ಲ ಅಪ್ಪ, ನೆಟ್ ಬಂತು!"

ಅಪ್ಪ ಬಗ್ಗಿ ಆ ದೀಪವನ್ನು ನೋಡಿದ. "ಇಷ್ಟಕ್ಕಾ ಅಂಗ್ ಕಿರ್ಚ್ಕಂಡೆ?" ಎಂದ. ಮದುವೆಯ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಲು ಬೇಕು ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. ತಲೆಯಾಡಿಸಿ ಹೋದ.

ಮಾರನೆಯ ದಿನ ಪರೀಕ್ಷೆ ಮಾಡಿದೆವು. ದೊಡ್ಡಕ್ಕ ಚಾಮರಾಜನಗರದ ಒಂದು ಸೈಬರ್ ಸೆಂಟರಿನಲ್ಲಿ ಕ್ಯಾಮೆರಾ ಇರುವ ಕ್ಯಾಬಿನ್ನು ಹಿಡಿದು ಕೂತಳು. ನನ್ನ ವೆಬ್‌ಕ್ಯಾಮ್ ಒಂದಿಷ್ಟೂ ಆಟ ಆಡಿಸದೆ ನಡೆದುಬಿಟ್ಟಿತ್ತು, ಅದಕ್ಕೇ ನಾನು ದಂಗಾಗಿದ್ದೆ. ಆಮೇಲೆ ಪರದೆಯ ಮೇಲೆ ಚೌಕ ಚೌಕವಾಗಿ ಒಂದು ಮುಖ ಮೂಡಿತು. ಯಾರೋ ಬೇರೆಯವರು ಅನ್ನಿಸಿತು. ಕನ್ನಡಕ ಬಂದಿತ್ತು. ಬೈತಲೆಯ ಪಕ್ಕ ಬಿಳಿಗೂದಲಿನ ಗೆರೆ ಬಂದಿತ್ತು. ಫೋನಿನಲ್ಲಿ ಕೇಳುತ್ತಿದ್ದ ದನಿಗೆ ನಾನು ಹಳೆಯ ಮುಖವನ್ನೇ ಅಂಟಿಸಿಕೊಂಡಿದ್ದೆನಲ್ಲ, ಆ ಮುಖ ಈಗ ಇರಲಿಲ್ಲ. ಆ ಕಡೆ ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಮೈಕ್ ಇರಲಿಲ್ಲ, ಟೈಪ್ ಮಾಡಬೇಕಿತ್ತು. ಅವಳು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಒತ್ತಿದಳು: ಎಷ್ಟು ಉದ್ದ ಆಗ್ಬುಟ್ಟಿದ್ದೀಯೇ!

ಆಮೇಲೆ ಚಪ್ಪರದ ದಿನ ಬಂತು. ನಮ್ಮ ಬೀದಿಯಲ್ಲಿ ಚಪ್ಪರ ಎಂದರೆ ಹಸಿ ತೆಂಗಿನ ಗರಿಯ ಚಾವಣಿ, ಬೀದಿಯ ಕಡೆಯ ಬಾಯಿಗೆ ಎರಡೂ ಬದಿಯಲ್ಲಿ ಗೊನೆ ಸಮೇತ ಬಾಳೆಕಂದು. ನಮ್ಮ ಮನೆಯಲ್ಲಿ ಕಂದು ಕಟ್ಟುವುದು ಅಪ್ಪನ ಕೆಲಸ, ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ತೋಟದಲ್ಲಿ ತಿರುಗಿ ತಿರುಗಿ ಆರಿಸಿ, ತುಂಬಿದ ಗೊನೆ ಇರುವ, ಎರಡು ಅಂಗೈಯ ಹಿಡಿತಕ್ಕೆ ಸಿಗದಷ್ಟು ದಪ್ಪದ ಎರಡು ಕಂದು ಕಡಿದು ತಂದಿದ್ದ. ಕಡಿದ ಬುಡದಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಅವನ್ನು ಕಂಬಕ್ಕೆ ನಿಲ್ಲಿಸಿ ಹಗ್ಗ ಬಿಗಿದು, ಅರಿಸಿನ ಕುಂಕುಮ ಹಚ್ಚಿದ. ಒಮ್ಮೆ ಕಟ್ಟಿದ ಕಂದನ್ನು ಮದುವೆ ಮುಗಿದು ಹೆಣ್ಣು ಹೊರಡುವವರೆಗೆ ಬಿಚ್ಚುವುದಿಲ್ಲ. ಬಿಚ್ಚಿದರೆ ಮದುವೆಗೆ ಒಳ್ಳೆಯದಲ್ಲ ಎಂದು ನಂಬಿಕೆ. ಅವತ್ತು ನಾನು ಅಡುಗೆಯವರ ಹಿಂದೆ ಓಡಾಡುತ್ತಾ ಕಂಪ್ಯೂಟರಿನ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲ ಸರಿ ಇದೆಯಲ್ಲ ಎಂಬ ಧೈರ್ಯ.

ಮದುವೆಯ ಬೆಳಿಗ್ಗೆ ವೆಬ್‌ಕ್ಯಾಮನ್ನು ಕಿಟಕಿಯ ಸರಳಿಗೆ ಕಟ್ಟಿ, ಚಪ್ಪರದೊಳಗಿನ ಮಂಟಪಕ್ಕೆ ಗುರಿ ಇಟ್ಟು, ಕಂಪ್ಯೂಟರ್ ಹಾಕಿದೆ. ಚಾಚಾ ಅವರ ನೆಟ್‌ವರ್ಕು ಪಟ್ಟಿಯಲ್ಲೇ ಇರಲಿಲ್ಲ.

ಮೊದಲು ನಂಬಲಿಲ್ಲ. ಮತ್ತೆ ಹುಡುಕಿಸಿದೆ. ಇಲ್ಲ. ಅಡಾಪ್ಟರನ್ನು ಕಿತ್ತು ಚುಚ್ಚಿದೆ. ಇಲ್ಲ. ಬೀದಿ ದಾಟಿ ಓಡಿಹೋಗಿ ನೋಡಿದರೆ ಚಾಚಾ ಅವರ ಡಬ್ಬಿಯ ಎಲ್ಲ ದೀಪಗಳೂ ಮಿನುಗುತ್ತಿವೆ, ಅವರ ಮಗಳು ಅದರಲ್ಲೇ ಏನೋ ಓದುತ್ತಿದ್ದಾಳೆ. ಅಂದರೆ ತೊಂದರೆ ನನ್ನ ಕಡೆಯೇ. ಡ್ರೈವರನ್ನು ಪೂರ್ತಿ ತೆಗೆದು ಮತ್ತೆ ಹಾಕಿದೆ. ಹೊದಿಕೆಯನ್ನು ಬೈದೆ, ಅಡಾಪ್ಟರ್ ಮಾಡಿದವರನ್ನು ಬೈದೆ, ನನ್ನ ಪ್ರೀತಿಯ ಲಿನಕ್ಸಿಗೂ ಶಾಪ ಹಾಕಿದೆ. ರೇಷ್ಮೆ ಲಂಗದ ನೆರಿಗೆ ಬೆವರಿಗೆ ಒದ್ದೆಯಾಯಿತು. ಹೊರಗೆ ವಾಲಗ ಶುರುವಾಯಿತು.

ಮೊಬೈಲ್ ಹೊಡೆದುಕೊಂಡಿತು. ದೊಡ್ಡಕ್ಕ.

"ಬಂದ್ ಕೂತಿವ್ನಿ ಕಣಮ್ಮಿ. ಏನೂ ಕಾಣ್ತಿಲ್ವಲ್ಲ?"

"ಒಸಿ ತಡಿ ಅಕ್ಕ."

"ತಡೀತೀನಿ. ನಾನ್ಯಾಕೆ ಓಗ್ಲಿ? ರೇಸ್ಮೆ ಸೀರೆ ಉಟ್ಕಂಡು ಬಂದಿವ್ನಿ. ಎಲ್ರೂ ನನ್ನೇ ನೋಡ್ತಾವ್ರೆ" ಎಂದು ನಕ್ಕಳು. ಆ ನಗು ಕೇಳಿ ನನಗೆ ಅಳು ಬಂದುಬಿಟ್ಟಿತು. ಸೈಬರ್ ಸೆಂಟರಿನ ಕ್ಯಾಬಿನ್ನಿಗೆ ರೇಷ್ಮೆ ಸೀರೆ ಉಟ್ಟು ಬಂದವಳಿಗೆ ನಾನು ಏನೆಂದು ಹೇಳಲಿ?

ಆಗ ಅದು ಆಯಿತು. ಚಪ್ಪರದ ಬಾಯಲ್ಲಿ ಬಲಗಡೆಯ ಕಂದಿನ ಹಗ್ಗ ಸಡಿಲವಾಗಿತ್ತೋ ಏನೋ, ಅಪ್ಪ ಬಂದು ಕಂದನ್ನು ತನ್ನ ಹೆಗಲಿಗೆ ಒರಗಿಸಿಕೊಂಡು ಹಗ್ಗ ಬಿಗಿಯುತ್ತಿದ್ದ. ಪರದೆಯ ಮೇಲೆ ಚಾಚಾ ಅವರ ನೆಟ್‌ವರ್ಕು ತಟ್ಟನೆ ಮೂಡಿತು. ಅಪ್ಪ ಕಂದನ್ನು ನೆಟ್ಟಗೆ ಮಾಡಿದ. ಹೋಯಿತು. ಗೊನೆ ಸರಿಮಾಡಲು ಮತ್ತೆ ಓರೆ ಮಾಡಿದ. ಬಂತು. ನೆಟ್ಟಗೆ ಮಾಡಿದ. ಹೋಯಿತು.

ನಾನು ಕೂತಲ್ಲೇ ಕಲ್ಲಾದೆ. ಫೋರಮ್ಮಿನಲ್ಲಿ ಯಾರೋ ಬರೆದದ್ದನ್ನು ಓದಿ ಮರೆತಿದ್ದೆ. ಈ ಅಲೆಗಳಿಗೆ ನೀರು ಆಗುವುದಿಲ್ಲ, ನೀರು ಅವನ್ನು ಹೀರಿಬಿಡುತ್ತದೆ, ನಡುವೆ ಮೀನಿನ ತೊಟ್ಟಿ ಇದ್ದರೂ ಸಿಗ್ನಲ್ ಕುಗ್ಗುತ್ತದೆ ಎಂದು. ಮೀನಿನ ತೊಟ್ಟಿ ನಮ್ಮ ಮನೆಯಲ್ಲಿ ಎಲ್ಲಿ ಬರಬೇಕು ಎಂದು ಮುಂದಕ್ಕೆ ಹೋಗಿದ್ದೆ. ಬಾಳೆಕಂದು ಎಂದರೆ ನಿಂತ ನೀರಲ್ಲದೆ ಇನ್ನೇನು? ಚಾಚಾ ಅವರ ಮೇಜಿಗೂ ನಮ್ಮ ಕಿಟಕಿಗೂ ನಡುವೆ, ಸರಿಯಾಗಿ ಆ ನೇರದಲ್ಲಿ, ಅಪ್ಪ ತನ್ನ ತೋಟದ ಅತ್ಯಂತ ದಪ್ಪನೆಯ ಕಂದನ್ನು ತಂದು ನಿಲ್ಲಿಸಿದ್ದ. ಕಂಪ್ಯೂಟರ್ ಸರಿಸುವಂತಿಲ್ಲ, ಅಲ್ಲಿಂದ ಬಿಟ್ಟರೆ ಮಂಟಪ ಕಾಣದು. ಅಡಾಪ್ಟರನ್ನು ಆಚೆ ಈಚೆ ಒಯ್ಯಲು ವೈರೂ ಇಲ್ಲ. ಇವತ್ತು ಆ ಕಂದನ್ನು ಬಿಚ್ಚು ಎಂದು ಅಪ್ಪನಿಗೆ ಹೇಳುವವರು ಯಾರು?

ಅವನು ಹಗ್ಗದ ಕೊನೆಯ ಗಂಟು ಹಾಕುತ್ತಿದ್ದ. ನಾನು ಕಿಟಕಿಯಿಂದಲೇ ಕೂಗಿಬಿಟ್ಟೆ.

"ಅಪ್ಪಾ, ಕಟ್ಬೇಡ! ಅಂಗೇ ವಾರೆ ಇಡ್ಕೊ!"

ಅಪ್ಪ ತಿರುಗಿ ನೋಡಿದ. "ಯಾಕಮ್ಮಿ?"

"ಆ ಕಂದ ಅಡ್ಡ ಐತೆ. ನೆಟ್ ಬರ್ತಿಲ್ಲ."

"ಫೋಟೋಗಾ?"

ಹೂಂ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಫೋಟೋಗೆಂದು ಯಾರೂ ಕಂದು ಬಿಚ್ಚುವುದಿಲ್ಲ.

"ಅಲ್ಲ ಅಪ್ಪ. ದೊಡ್ಡಕ್ಕಂಗೆ. ಅವಳು ಅಲ್ಲಿ ಕಾಯ್ಕಂಡು ಕೂತವ್ಳೆ."

ಅವಳು ಹೋದ ಮೇಲೆ ಆ ಮನೆಯಲ್ಲಿ ಅಪ್ಪನ ಎದುರು ಯಾರೂ ಆಡದಿದ್ದ ಮಾತು ಅದು. ವಾಲಗದ ನಡುವೆ ಎಲ್ಲರಿಗೂ ಕೇಳುವಂತೆ ಕೂಗಿದ್ದೆ. ಚಪ್ಪರದಲ್ಲಿದ್ದ ಒಂದಿಬ್ಬರು ತಿರುಗಿದರು. ಅಪ್ಪ ಈಗ ಹಗ್ಗ ಎಸೆಯುತ್ತಾನೆ, ಒಳಗೆ ಬಂದು ಕಂಪ್ಯೂಟರಿನ ವೈರು ಕೀಳುತ್ತಾನೆ ಎಂದು ನಾನು ಎರಡೂ ಕೈಯಲ್ಲಿ ಮಾನಿಟರನ್ನು ಹಿಡಿದುಕೊಂಡೆ.

ಅಪ್ಪ ಗಂಟು ಬಿಚ್ಚಿದ. ಮೇಲಿನ ಹಗ್ಗ, ಕೆಳಗಿನ ಹಗ್ಗ, ಎರಡನ್ನೂ. ಗೊನೆ ಸಮೇತ ಕಂದನ್ನು ಎರಡು ತೋಳಿನಲ್ಲಿ ತಬ್ಬಿ ಹಿಡಿದು, "ಎತ್ಲಾಗ್ ಸರೀಬೇಕು ಯೋಳು" ಎಂದ.

ಮಾನಿಟರನ್ನು ಹಿಡಿದ ಕೈಯನ್ನು ನಾನಿನ್ನೂ ಬಿಟ್ಟಿರಲಿಲ್ಲ. ಅವನೇ ಮತ್ತೊಮ್ಮೆ, "ಮೂರ್ತಕ್ಕೆ ಒತ್ತಾಯ್ತದೆ, ಯೋಳಮ್ಮಿ" ಎಂದು ಗದರಿದ.

"ಆ ಕಡೀಕೆ... ಇನ್ನೂ ಒಸಿ... ಇನ್ನೂ..."

ಕಂದು ಸರಿದಂತೆ ಸಿಗ್ನಲ್ ಏರಿತು. ಆದರೆ ಅಪ್ಪನ ಮೈಯೂ ನೀರೇ ಅಲ್ಲವೇ, ಅವನು ಅಲ್ಲಿ ನಿಂತರೂ ಕುಗ್ಗುತ್ತಿತ್ತು. ನಾನು ಕಿಟಕಿಯಿಂದ ಕೈ ಬೀಸುತ್ತಾ ಹೋದೆ, ಅವನು ಕಂದು ಹೊತ್ತು ಪಕ್ಕಪಕ್ಕಕ್ಕೆ ಸರಿಯುತ್ತಾ ಹೋದ. ಕೊನೆಗೆ ಅವನು ನಿಂತದ್ದು ಚಪ್ಪರದ ಹೊರಗೆ, ಬೀದಿಯ ಬಿಸಿಲಿನಲ್ಲಿ. ಅಲ್ಲಿಂದ ಮಂಟಪ ಕಾಣುವುದಿಲ್ಲ.

ಹಂಗಳದಿಂದ ಬಂದಿದ್ದ ನಮ್ಮ ಸೋದರಮಾವ ಓಡಿಬಂದರು. "ಏನ್ ಭಾವ ಇದು? ಮೂರ್ತದೊತ್ನಲ್ಲಿ ಕಂದ ಬಿಚ್ಚಾರಾ? ಒಳ್ಳೇದಲ್ಲ ಕಣ!"

"ಎಲ್ಲ್ ಬಿಚ್ಚಿವ್ನಿ? ನಿಂತೇ ಐತಲ್ಲ. ಕಂಬ ಬುಟ್ಟು ನನ್ ಇಡ್ಕಂಡೈತೆ, ಅಷ್ಟೆಯ."

"ನಾನ್ ಇಡ್ಕತೀನಿ ಕೊಡು. ನೀನು ಒಳೀಕೋಗಿ ಮಗಳ ತಾಳಿ ನೋಡು."

"ನಮ್ ಮನೆ ಕಂದ ನಾನೇ ಇಡೀಬೇಕು. ನೀನ್ ಓಗು."

ಅವ್ವ ಇಲ್ಲದ್ದರಿಂದ ಹೆಣ್ಣು ಒಪ್ಪಿಸುವ ಶಾಸ್ತ್ರಕ್ಕೆ ಚಿಕ್ಕಪ್ಪ ಚಿಕ್ಕಮ್ಮ ಕೂತಿದ್ದರು. ಅಪ್ಪನ ಪಾಲಿಗೆ ಉಳಿದಿದ್ದದ್ದು ಎದುರಿಗೆ ಕೂತು ನೋಡುವುದೊಂದೇ. ಅವನಿಗೆಂದು ಮುಂದಿನ ಸಾಲಿನಲ್ಲಿ ಹಾಕಿದ್ದ ಕುರ್ಚಿ ಖಾಲಿ ಇತ್ತು. ಅಯ್ಯನವರು ಗಟ್ಟಿಯಾಗಿ ಮಂತ್ರ ಹೇಳತೊಡಗಿದರು.

ಪರದೆಯ ಮೇಲೆ ದೊಡ್ಡಕ್ಕ ಮೂಡಿದಳು. ಹಸಿರು ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಹಿಂದೆ ಕ್ಯಾಬಿನ್ನಿನ ಪ್ಲೈವುಡ್ಡು. ಚಿತ್ರ ತಡವರಿಸಿ ತಡವರಿಸಿ ಬರುತ್ತಿತ್ತು. ಗಂಡು ತಾಳಿ ಎತ್ತಿದ, ವಾಲಗ ಜೋರಾಯಿತು, ಎಲ್ಲರೂ ಅಕ್ಷತೆ ಎಸೆದರು. ಅಲ್ಲಿ ಚಾಮರಾಜನಗರದಲ್ಲಿ ನನ್ನ ಅಕ್ಕ ಎದ್ದು ನಿಂತು, ಕಾಗದದ ಪೊಟ್ಟಣ ಬಿಚ್ಚಿ, ತನ್ನೆದುರಿನ ಮಾನಿಟರಿನ ಮೇಲೆ ಅಕ್ಷತೆ ಎಸೆದಳು. ಮನೆಯಿಂದ ಕಲಸಿಕೊಂಡು ಬಂದಿದ್ದಳು. ಅಕ್ಕಿಯ ಕಾಳುಗಳು ನನ್ನ ಮುಖಕ್ಕೇ ಬಂದು ಬಡಿದ ಹಾಗೆ ಹಿಂದಕ್ಕೆ ಸರಿದೆ.

ಆಮೇಲೆ ನಾನು ವೆಬ್‌ಕ್ಯಾಮನ್ನು ಸರಳಿನಿಂದ ಬಿಚ್ಚಿ ಬೀದಿಯ ಕಡೆ ತಿರುಗಿಸಿದೆ. ಅಲ್ಲಿ ಅಪ್ಪನ ಬೆನ್ನು ಕಾಣುತ್ತಿತ್ತು. ಹೊಸ ಅಂಗಿ ಬೆವರಿಗೆ ಅಂಟಿಕೊಂಡಿತ್ತು, ಹೆಗಲ ಮೇಲೆ ಗೊನೆ ಒರಗಿತ್ತು. ಆ ಕಡೆಯಿಂದ ಒಂದೊಂದೇ ಪದ ಬಂತು: ಅಪ್ಪ ಯಾಕೆ ಬಿಸಿಲಲ್ಲಿ ನಿಂತವ್ರೆ?

ನಾನು ಒತ್ತಿದೆ: ನಿಂಗೆ ಕಾಣ್ಲಿ ಅಂತ.

ಅವಳು ಅಳುವುದನ್ನು ನೋಡಲಾರದೆ ಎದ್ದು ಹೊರಗೆ ಓಡಿದೆ. ಚಾಚಾ ಅಂಗಡಿಯಿಂದ ಒಂದು ಲೋಟ ನೀರು ತಂದು ಅಪ್ಪನ ಬಾಯಿಗೆ ಹಿಡಿದಿದ್ದರು. ಅಪ್ಪನ ಎರಡೂ ಕೈ ಕಂದಿನ ಮೇಲೇ ಇತ್ತು. ನನ್ನನ್ನು ನೋಡಿ ಚಾಚಾ, "ನೀನು ಕೇಳಿದ ದಿನವೇ ಹೇಳಿದ್ದೆ ಬೇಟಿ. ಎದುರುಮನೆಯವರಿಗೆ ಮುಚ್ಚಿಟ್ಟು ನಾನು ಹೇಗೆ ಇರಲಿ?" ಎಂದರು.

ನಾನು ಅಪ್ಪನ ಮುಖ ನೋಡಿದೆ. ಅಂದರೆ ಹಸಿರು ದೀಪವನ್ನು ಬಗ್ಗಿ ನೋಡಿದಾಗಲೇ ಅವನಿಗೆ ಗೊತ್ತಿತ್ತು! ನಾನು ಫೋಟೋ ಎಂದು ಸುಳ್ಳು ಹೇಳಿದಾಗ ತಲೆಯಾಡಿಸಿದ್ದೂ ಗೊತ್ತಿದ್ದೇ.

ಅಪ್ಪ ನನ್ನ ಕಡೆ ತಿರುಗಲಿಲ್ಲ. ತಿರುಗಿದರೆ ಕಿಟಕಿಯ ಕಡೆ ಮುಖ ಆಗುತ್ತಿತ್ತು.

"ನೋಡುದ್ಲಾ?" ಎಂದ.

"ನೋಡುದ್ಲು ಅಪ್ಪ. ಅಕ್ಸತೆನೂ ಆಕುದ್ಲು."

ನಾನು ಕಂದಿಗೆ ಕೈ ಕೊಟ್ಟು, "ಇಳ್ಸು ಅಪ್ಪ, ತಾಳಿ ಆಯ್ತಲ್ಲ. ಕೈ ನೋಯ್ತದೆ" ಎಂದೆ.

ಅಪ್ಪ ನನ್ನ ಕೈಯನ್ನು ಮೊಣಕೈಯಿಂದ ತಳ್ಳಿ, ಕಂದನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡ.

"ಅಕ್ಕ ತಂಗಿ ಇನ್ನ ಮಾತಾಡಿಲ್ವಲ್ಲ. ಮದುಮಗಳ್ನ ಕರ್ಕೋಗಿ ಅವಳ ಮುಂದ್ಕೆ ಕೂರ್ಸು ಓಗು. ಅಲ್ಲೀಗಂಟ ನಾನ್ ಇಡ್ಕಂಡಿರ್ತೀನಿ."